ಮರ ಹಳೆಯದಿರಲಿ, ಅಕ್ಷರ ಹೊಸದಿರಲಿ

ಬೆಂಗಳೂರಿನ ಕೆಫೆಗಳಲ್ಲಿ, ಚಿಕ್ಕಮಗಳೂರು-ಸಕಲೇಶಪುರದ ಕಡೆಯ ಹೋಂಸ್ಟೇಗಳಲ್ಲಿ, ಹೊಸ ಮನೆಗಳ ಗೇಟಿನ ಪಕ್ಕದಲ್ಲಿ ಈಗೀಗ ಒಂದು ಬಗೆಯ ಫಲಕ ಕಾಣಿಸುತ್ತದೆ. ಹಳೆಯ ಬಾಗಿಲಿನದೋ ಅಟ್ಟದ ಹಲಗೆಯದೋ ಮರ. ಅದರ ಮೇಲೆ ಮಾಸಲು ಬಿಳಿಯ ಅಕ್ಷರ. ಅಕ್ಷರದ ಅಂಚು ಅಲ್ಲಲ್ಲಿ ಸವೆದಿರುತ್ತದೆ, ಬಣ್ಣ ಎದ್ದಿರುತ್ತದೆ. ಹತ್ತಿರ ಹೋಗಿ ನೋಡಿದರೆ ಆ ಸವೆತಕ್ಕೆ ಕಾರಣ ಸ್ಯಾಂಡ್‌ಪೇಪರು. ಬಣ್ಣ ಒಣಗಿದ ಮರುದಿನವೇ ಉಜ್ಜಿ ಅದಕ್ಕೆ ವಯಸ್ಸು ತರಿಸಿದ್ದಾರೆ. ಇಂಥ ಫಲಕವನ್ನು ಕೈಯಾರೆ ಬರೆಯಬೇಕೆಂಬ ಆಸೆ ಹಲವರಿಗಿದೆ, ಅದನ್ನು ಕಲಿಸುವ ವಾರಾಂತ್ಯದ ಶಿಬಿರಗಳೂ ಇವೆ.

ಆಸೆ ಒಳ್ಳೆಯದೇ. ಕೀಬೋರ್ಡು ಬದಿಗಿಟ್ಟು ಬ್ರಷ್ ಹಿಡಿದವರನ್ನು ಗೇಲಿ ಮಾಡುವುದು ಸುಲಭ, ಅದರಿಂದ ಯಾರಿಗೂ ಲಾಭವಿಲ್ಲ. ಆದರೆ ಏನನ್ನು ಕಲಿಯುತ್ತಿದ್ದೇವೆ ಎಂದು ಕೇಳಿಕೊಳ್ಳಲೇಬೇಕು. ಹಳೆಯ ಬೋರ್ಡೊಂದರ ಮೇಲೆ ಇಬ್ಬರ ಕೈವಾಡ ಇರುತ್ತದೆ: ಮೊದಲು ಬರೆದವನದು, ಆಮೇಲೆ ಬಿಸಿಲು-ಮಳೆಯದು. ನಮಗೆ ಮೋಹ ಹುಟ್ಟಿಸಿರುವುದು ಎರಡನೆಯದು. ಕಲಿಯಲು ಯೋಗ್ಯವಾದದ್ದು ಮೊದಲನೆಯದು ಎಂಬುದೇ ನನ್ನ ವಾದ.

ಈ ಮೋಹ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅಮೆರಿಕದ ಹಳ್ಳಿಗಾಡಿನಲ್ಲಿ ದನ, ಹುಲ್ಲು, ಕಾಳು ಎಲ್ಲವನ್ನೂ ಇಡುತ್ತಿದ್ದ ಮರದ ದೊಡ್ಡ ಕೊಟ್ಟಿಗೆಗಳನ್ನು ಕೆಡವಿದಾಗ ಸಿಗುವ ಹಲಗೆಗೆ ಅಲ್ಲಿ ಒಳ್ಳೆಯ ಬೇಡಿಕೆ ಇದೆ. 2013ರಲ್ಲಿ ಶುರುವಾದ ‘ಫಿಕ್ಸರ್ ಅಪ್ಪರ್’ ಎಂಬ ಟಿ.ವಿ. ಕಾರ್ಯಕ್ರಮ ಟೆಕ್ಸಾಸ್‌ನ ವೇಕೊ ಪಟ್ಟಣದಲ್ಲಿ ಹಳೆ ಮನೆಗಳನ್ನು ದುರಸ್ತಿ ಮಾಡಿ ತೋರಿಸಿ, ಆ ಹಳ್ಳಿಮನೆ ಶೈಲಿಯನ್ನು ಊರೂರಿಗೆ ಹಬ್ಬಿಸಿತು. ಹಲಗೆಯ ಮೇಲಿನ ಬಿಳಿ ಅಕ್ಷರಗಳು ಅದರ ಬೆನ್ನಿಗೇ ಬಂದವು. ಮೊಬೈಲ್ ಪರದೆ ದಾಟಿ ಅವು ನಮ್ಮ ಗೋಡೆಗೂ ಬಂದದ್ದರಲ್ಲಿ ತಪ್ಪೇನಿಲ್ಲ. ಅಭಿರುಚಿಗಳು ಗಡಿ ನೋಡಿಕೊಂಡು ನಡೆಯುವುದಿಲ್ಲ. ಅವನ್ನು ‘ನಮ್ಮ ಅಜ್ಜನ ಕಾಲದ ಬೋರ್ಡು’ ಎಂದು ಕರೆದಾಗ ಮಾತ್ರ ಸುಳ್ಳು ಶುರುವಾಗುತ್ತದೆ.

ಅಜ್ಜನ ಕಾಲದ ಪೇಟೆಬೀದಿಯಲ್ಲಿ ಅಂಗಡಿ ಬೋರ್ಡು ಎಂದರೆ ಬಹುಮಟ್ಟಿಗೆ ಮರದ ಚೌಕಟ್ಟಿಗೆ ಹೊಡೆದ ತಗಡು, ಇಲ್ಲವೇ ಸುಣ್ಣ ಬಳಿದ ಗೋಡೆ. ಇಡೀ ಹಲಗೆಯ ಮೇಲೆ ಬರೆಸುತ್ತಿದ್ದದ್ದು ವಕೀಲರ, ಡಾಕ್ಟರರ ನಾಮಫಲಕ, ಮನೆಯ ಹೆಸರು, ಶಾಲೆ-ಸಂಘಗಳಲ್ಲಿ ಅಧ್ಯಕ್ಷರ ಪಟ್ಟಿ, ಬಸ್ಸಿನ ಮುಂದೆ ಸಿಕ್ಕಿಸುವ ಊರಿನ ಹೆಸರು, ಇಂಥವನ್ನು. ಇವು ಯಾವುವೂ ಮಾಸಲು ಬಿಳಿಯಲ್ಲಿ ಮಂಕಾಗಿ ಕೂತಿರಲಿಲ್ಲ. ಕಪ್ಪು ನೆಲದ ಮೇಲೆ ಬಿಳಿ, ಕಡುನೀಲಿಯ ಮೇಲೆ ಹಳದಿ, ಕೆಂಪು ಅಕ್ಷರಕ್ಕೆ ಹಳದಿ ಔಟ್‌ಲೈನು, ಅದರ ಹಿಂದೆ ಒಂದು ಶೇಡು. ರಸ್ತೆಯಾಚೆಯಿಂದಲೇ ಕರೆಯುವಂತಿರಬೇಕು ಎಂಬುದು ಬರೆಸಿದವನ ಷರತ್ತು, ಬರೆದವನ ಹೆಮ್ಮೆ.

ಬೋರ್ಡು ಬರೆಯುವ ಪೇಂಟರಿಗೆ ತನ್ನ ಕೆಲಸ ಹಳೆಯದಾಗಿ ಕಾಣಲಿ ಎಂಬ ಆಸೆ ಇರಲು ಸಾಧ್ಯವೇ ಇರಲಿಲ್ಲ. ಬಣ್ಣ ಎದ್ದಿತೆಂದರೆ ಪ್ರೈಮರು ಹಿಡಿದಿಲ್ಲ, ಟರ್ಪೆಂಟೈನು ಜಾಸ್ತಿಯಾಗಿದೆ, ಗಿರಾಕಿ ಬಂದು ಬೈಯುತ್ತಾನೆ ಎಂದರ್ಥ. ಅಂಚು ನೆಟ್ಟಗೆ ಬರದಿದ್ದರೆ ಅವನ ಕೈ ಪಳಗಿಲ್ಲ ಎಂದರ್ಥ. ಅವನು ಜೀವಮಾನವಿಡೀ ತಪ್ಪಿಸಲು ಹೆಣಗಿದ ದೋಷಗಳನ್ನೇ ಹೆಕ್ಕಿ ನಾವು ‘ಶೈಲಿ’ ಎಂದು ಕಲಿಯುತ್ತಿದ್ದೇವೆ. ಇದನ್ನು ಗೌರವ ಎನ್ನುವುದು ಕಷ್ಟ.

ಹಳತನ್ನು ಕಲಿಯುವ ಸರಿಯಾದ ದಾರಿಗೆ ಅಕ್ಷರಗಳ ಚರಿತ್ರೆಯಲ್ಲೇ ನಿದರ್ಶನವಿದೆ. ಇಂಗ್ಲೆಂಡಿನ ಎಡ್ವರ್ಡ್ ಜಾನ್‌ಸ್ಟನ್ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಶತಮಾನಗಳ ಹಿಂದಿನ ಹಸ್ತಪ್ರತಿಗಳನ್ನು ಅಭ್ಯಾಸ ಮಾಡಿದವರು. ಆ ಅಕ್ಷರ ಯಾವ ಆಕಾರದ ಲೇಖನಿಯಿಂದ, ಎಷ್ಟು ಓರೆಯಲ್ಲಿ ಹಿಡಿದು, ಯಾವ ಕ್ರಮದಲ್ಲಿ ಎಳೆದದ್ದು ಎಂದು ಹುಡುಕಿದರು. 1899ರಿಂದ ಲಂಡನ್ನಿನಲ್ಲಿ ಪಾಠ ಹೇಳಿದರು, 1906ರಲ್ಲಿ ಅದನ್ನೆಲ್ಲ ಒಂದು ಪುಸ್ತಕವಾಗಿ ತಂದರು. ಅಷ್ಟೊಂದು ಹಳತಿನಲ್ಲಿ ಮುಳುಗಿದ್ದ ಮನುಷ್ಯ 1916ರಲ್ಲಿ ಲಂಡನ್ನಿನ ಸುರಂಗ ರೈಲಿಗೆ ಮಾಡಿಕೊಟ್ಟ ಅಕ್ಷರಗಳು ಆ ಕಾಲದಲ್ಲೇ ಅತ್ಯಂತ ಆಧುನಿಕವಾಗಿದ್ದವು. ಬಳ್ಳಿಯಿಲ್ಲ, ಬಾಲವಿಲ್ಲ, ಹೆಚ್ಚುಕಡಿಮೆ ಅದೇ ಅಕ್ಷರ ಇವತ್ತಿಗೂ ಅಲ್ಲಿ ದಾರಿ ತೋರಿಸುತ್ತಿದೆ. ಜಾನ್‌ಸ್ಟನ್ ಹಳಬರಿಂದ ತೆಗೆದುಕೊಂಡದ್ದು ಕಾರಣಗಳನ್ನು. ಕಾರಣ ಕೈವಶವಾದ ಮೇಲೆ ರೂಪವನ್ನು ಹೊಸ ಕಾಲಕ್ಕೆ ಒಗ್ಗಿಸಲು ಅವರಿಗೆ ಸಾಧ್ಯವಾಯಿತು.

ಇನ್ನೊಂದು ನಿದರ್ಶನ ನಮ್ಮ ವಿಷಯಕ್ಕೆ ಮತ್ತೂ ಹತ್ತಿರದ್ದು. ರೋಮ್‌ನ ಟ್ರಾಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. 113ರ ಶಾಸನವೊಂದಿದೆ. ಅದರ ಅಕ್ಷರಗಳ ತುದಿಯಲ್ಲಿ ಕಾಣುವ ಸಣ್ಣ ಪಾದಗಳು ಕಲ್ಲುಳಿಯ ಕೆಲಸ ಎಂಬ ನಂಬಿಕೆ ಬಹುಕಾಲ ಇತ್ತು. ಅಲ್ಲ, ಅದು ಚಪ್ಪಟೆ ಬ್ರಷ್ಷಿನಿಂದ ಮೊದಲು ಬರೆದು ಆಮೇಲೆ ಕೆತ್ತಿದ್ದು ಎಂದು 1968ರಲ್ಲಿ ಒಂದಿಡೀ ಗ್ರಂಥ ಬರೆದು ವಾದಿಸಿದವರು ಎಡ್ವರ್ಡ್ ಕ್ಯಾಟಿಚ್ ಎಂಬ ಪಾದ್ರಿ. ಅವರಿಗೆ ಇದು ಹೊಳೆಯಲು ಕಾರಣವಿತ್ತು: ಪಾದ್ರಿಯಾಗುವ ಮುಂಚೆ ಅವರು ಶಿಕಾಗೋದಲ್ಲಿ ಬೋರ್ಡು ಬರೆಯುತ್ತಿದ್ದರು. ಬ್ರಷ್ಷನ್ನು ಬೆರಳ ನಡುವೆ ತಿರುವಿದರೆ ಗೆರೆಯ ತುದಿ ಹೇಗಾಗುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಪಂಡಿತರ ಕಣ್ಣು ತಪ್ಪಿಸಿಕೊಂಡದ್ದನ್ನು ಕಸುಬಿನ ಕೈ ಹಿಡಿಯಿತು.

ಕನ್ನಡದ ಬೋರ್ಡು ಬರೆಯುವವರ ಕೈಗೆ ಏನು ಗೊತ್ತಿತ್ತು? ‘ಶ್ರೀ ಧನಲಕ್ಷ್ಮಿ ಸ್ಟೋರ್ಸ್’ ಎಂದು ಒಂದೇ ಸಾಲಿನಲ್ಲಿ ಬರೆಯಬೇಕಾಗಿದೆ ಎನ್ನಿ. ಇಂಗ್ಲಿಷಿನ ದೊಡ್ಡಕ್ಷರಗಳಾದರೆ ಎರಡು ಗೆರೆ ಹಾಕಿಕೊಂಡರಾಯಿತು, ಎಲ್ಲ ಅಕ್ಷರಗಳೂ ನಡುವೆ ಕೂರುತ್ತವೆ. ನಮ್ಮಲ್ಲಿ ಶ್ರೀ ಒಂದಕ್ಕೇ ಮೇಲೆ ಗುಡಿಸು, ಕೆಳಗೆ ರ-ಒತ್ತು, ಬಲಕ್ಕೆ ದೀರ್ಘ. ಲಕ್ಷ್ಮಿಗೆ ಒಂದರ ಮೇಲೊಂದು ಷ, ಮ ಎರಡು ಒತ್ತು. ಸ್ಟೋರ್ಸ್‌ಗೆ ಕೆಳಗೆ ಟ-ಒತ್ತು, ಮೇಲೆ ಒತ್ವ, ಪಕ್ಕದಲ್ಲಿ ಅದರ ದೀರ್ಘ, ಕೊನೆಯಲ್ಲಿ ಅರ್ಕಾವೊತ್ತು. ನಡುವೆ ಧ, ನ, ಲ ಈ ಮೂರರ ಕೆಳಗೆ ಏನೂ ಇಲ್ಲ. ಕಂಪ್ಯೂಟರಿನ ಅಕ್ಷರದಲ್ಲಿ ಇಡೀ ಸಾಲಿನ ಅಳತೆಯನ್ನು ಅತಿ ಕೆಳಗೆ ಇಳಿಯುವ ಒತ್ತು ತೀರ್ಮಾನಿಸುತ್ತದೆ. ಒತ್ತಿಗೆ ಜಾಗ ಬಿಡಲು ಮೈ ಅಕ್ಷರಗಳೆಲ್ಲ ಕುಗ್ಗುತ್ತವೆ, ಬೋರ್ಡಿನ ಕೆಳಭಾಗ ಬಣಬಣ ಎನ್ನುತ್ತದೆ. ಪೇಂಟರು ಹಾಗೆ ಮಾಡುವುದಿಲ್ಲ. ಷ-ಒತ್ತನ್ನು ಕೊಂಚ ಎಡಕ್ಕೆ, ಲ-ದ ಕೆಳಗಿನ ಖಾಲಿ ಜಾಗಕ್ಕೆ ಸರಿಸುತ್ತಾನೆ. ಟ-ಒತ್ತನ್ನು ಅಗಲ ಮಾಡಿ ಎತ್ತರ ತಗ್ಗಿಸುತ್ತಾನೆ. ಶ್ರೀಯನ್ನು ಬೇಕೆಂದೇ ದೊಡ್ಡದು ಮಾಡಿ ಸಾಲಿನ ಮುಂದೆ ನಿಲ್ಲಿಸುತ್ತಾನೆ. ನೋಡುವವರಿಗೆ ಅದು ಭಕ್ತಿ. ಬರೆದವನಿಗೆ ಭಕ್ತಿಯ ಜೊತೆಗೆ ಲೆಕ್ಕಾಚಾರವೂ ಹೌದು.

ಇದೇ ಸಾಲಿನ ಧ-ವನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಶಾಲೆಯಲ್ಲಿ ಮೇಷ್ಟರು ‘ಹೊಟ್ಟೆ ಸೀಳು’ ಎಂದು ಹೇಳಿಕೊಡುತ್ತಿದ್ದ ಕೆಳಗಿನ ಆ ಪುಟ್ಟ ಗೀಟೊಂದೇ ಅದನ್ನು ದ-ದಿಂದ ಬೇರೆ ಮಾಡುವುದು. ದಪ್ಪ ಅಕ್ಷರ ಬರೆಯುವಾಗ ಬಣ್ಣ ಸ್ವಲ್ಪ ನೀರಾಗಿದ್ದರೂ ಸಾಕು, ಗೀಟು ಹೊಟ್ಟೆಯೊಳಗೆ ಕರಗಿ ಧನಲಕ್ಷ್ಮಿ ದನಲಕ್ಷ್ಮಿಯಾಗುತ್ತಾಳೆ. ಅದಕ್ಕೇ ಪಳಗಿದ ಪೇಂಟರು ಆ ಗೀಟನ್ನು ಅಚ್ಚಿನ ಪುಸ್ತಕದಲ್ಲಿರುವುದಕ್ಕಿಂತ ಉದ್ದ ಮಾಡುತ್ತಾನೆ, ಸುತ್ತ ಬೆಳಕು ಬಿಡುತ್ತಾನೆ. ದೂರದ ಲೆಕ್ಕವೂ ಇಲ್ಲೇ ಬರುತ್ತದೆ. ಸುಖವಾಗಿ ಓದಬೇಕಾದರೆ ಹತ್ತಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಬೇಕು ಎಂಬುದು ಫಲಕ ಬರೆಯುವವರ ಹಳೆಯ ಸೂತ್ರ. ಕನ್ನಡದಲ್ಲಿ ಆ ಸೂತ್ರವನ್ನು ಮೈ ಅಕ್ಷರಕ್ಕೆ ಹಿಡಿದರೆ ಮೋಸ ಹೋಗುತ್ತೇವೆ. ಅಕ್ಷರ 4 ಇಂಚು, ಒತ್ತು 2 ಇಂಚು ಇದ್ದರೆ 40 ಅಡಿಯಿಂದ ಅಕ್ಷರವೇನೋ ಕಾಣುತ್ತದೆ, ಒತ್ತು ಕಾಣಲು 20 ಅಡಿಗೆ ಬರಬೇಕು. ಒತ್ತು ಕಾಣದೆ ಪದ ಓದಲಾಗದು. ಹಳೆಯ ಬೋರ್ಡುಗಳಲ್ಲಿ ಒತ್ತಕ್ಷರಗಳು ಗಾತ್ರಕ್ಕೆ ಮೀರಿ ದಪ್ಪವಾಗಿ ಕಂಡರೆ ಅದನ್ನು ಒರಟುತನ ಎಂದುಕೊಳ್ಳಬಾರದು.

ಶೇಡಿನ ವಿಷಯವೂ ಹೀಗೆಯೇ. ಇಂಗ್ಲಿಷ್ ಬೋರ್ಡು ಬರೆಯುವವರು ನೆರಳನ್ನು ಎಡಗಡೆ ಕೆಳಕ್ಕೆ ಕೊಡುವುದನ್ನು ಇಷ್ಟಪಡುತ್ತಿದ್ದರು. ಆ ಲಿಪಿಯ ಹಲವು ಅಕ್ಷರಗಳಿಗೆ ಎಡಬದಿಯಲ್ಲಿ ನೆಟ್ಟ ಗೆರೆಯಿದ್ದು ಬಾಗು-ಬಳುಕೆಲ್ಲ ಬಲಕ್ಕಿರುವುದರಿಂದ, ಎಡಕ್ಕೆ ನೆರಳು ಹಾಕಿದರೆ ಬ್ರಷ್ಷಿನ ಎಳೆತ ಕಡಿಮೆ, ಸಮಯ ಉಳಿತಾಯ. ನಮ್ಮ ಲಿಪಿಗೆ ನೆಟ್ಟ ಗೆರೆಯ ಸೌಕರ್ಯ ಇಲ್ಲ. ಆದರೆ ದೀರ್ಘ, ಕೊಂಬು, ಅರ್ಕಾವೊತ್ತುಗಳೆಲ್ಲ ಬಲಕ್ಕೇ ಸೇರುವುದರಿಂದ ಬಲಬದಿ ಮೊದಲೇ ಕಿಕ್ಕಿರಿದಿರುತ್ತದೆ. ಎಡಕ್ಕೆ ನೆರಳು ಕೊಡಲು ನಮಗೂ ಒಂದು ಕಾರಣವಿದೆ, ಬೇರೆಯದು. ಪರದೇಶದ ಕೈಪಿಡಿ ನೋಡಿ ರೂಪ ಮಾತ್ರ ಎತ್ತಿಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ಮರಕ್ಕೆ ಬರೋಣ. ಅಕ್ಷರದ ವಯಸ್ಸನ್ನು ನಕಲಿ ಮಾಡಬಾರದು ಎನ್ನುವ ನಾನೇ ಹಳೆಯ ಮರದ ಪರ ನಿಲ್ಲುತ್ತೇನೆ, ಏಕೆಂದರೆ ಮರದ ವಯಸ್ಸು ನಿಜವಾದದ್ದು. ಕೆಡವಿದ ಮನೆಗಳ ತೇಗ, ಹೊನ್ನೆ, ಹಲಸಿನ ಹಲಗೆ ದಶಕಗಟ್ಟಲೆ ಒಣಗಿ ಹದಗೊಂಡಿರುತ್ತದೆ. ಹೊಸ ಮರದಷ್ಟು ಬೇಗ ಸೊಟ್ಟಗಾಗುವುದಿಲ್ಲ. ಒಂದು ಹೊಸ ಮರ ಉರುಳುವುದೂ ತಪ್ಪುತ್ತದೆ. ಅದಕ್ಕಿಂತ ಮಿಗಿಲಾಗಿ, ಹಳೆಯ ಹಲಗೆ ಕಲಿಯುವವರಿಗೆ ಒಳ್ಳೆಯ ಎದುರಾಳಿ. ಚಿಲಕದ ತೂತು ಎಲ್ಲಿದೆಯೋ ನೋಡಿಕೊಂಡು ಸಾಲು ಹಾಕಬೇಕು. ಗಂಟಿನ ಮೇಲೆ ಅರಗಿನ ಪಾಲಿಶ್ ಬಳಿಯದಿದ್ದರೆ ಅದರ ರಾಳ ಬಣ್ಣದೊಳಗಿಂದ ಇಣುಕುತ್ತದೆ. ತೇಗದಲ್ಲಿ ತನ್ನದೇ ಎಣ್ಣೆಯಿದೆ. ಒರೆಸಿ ತೆಗೆಯದಿದ್ದರೆ ಎನಾಮಲ್ ಬಣ್ಣ ಬೇಗ ಒಣಗದು. ಎಳೆಯ ಜೊತೆಗೆ ಓಡುವ ಗೆರೆ ಸಲೀಸು, ಎಳೆಗೆ ಅಡ್ಡ ಬರುವ ಗೆರೆಯಲ್ಲಿ ಬಣ್ಣ ಎಳೆಗುಂಟ ಹರಿದು ಅಂಚು ಕೆಡುತ್ತದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದವರಿಗೂ ಎಳೆಯ ಕಾಟವಿತ್ತು. ನೇರ ಗೀರಿದರೆ ಗರಿ ಸೀಳುತ್ತಿತ್ತಾದ್ದರಿಂದ ದಕ್ಷಿಣದ ಲಿಪಿಗಳು ದುಂಡಗಾದವು ಎಂಬ ವಿವರಣೆ ಪ್ರಚಲಿತವಾಗಿದೆ. ಬರೆಯುವ ವಸ್ತು ಅಕ್ಷರವನ್ನು ತಿದ್ದುತ್ತದೆ ಎಂಬ ಪಾಠ ನುಣುಪಾದ ಪ್ಲೈವುಡ್ಡಿನ ಮೇಲೆ ಸಿಗುವುದಿಲ್ಲ.

ಹಳೆಯ ಮರಕ್ಕೆ ಅದರದ್ದೇ ಅಪಾಯಗಳಿವೆ, ಅವನ್ನು ಹೇಳದೆ ಬಿಡಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು-ಕಿಟಕಿಗಳ ಬಣ್ಣದಲ್ಲಿ ಎಷ್ಟು ಸೀಸವಿದೆಯೋ ನೋಡಿ ಹೇಳಲಾಗದು. ಅಂಥ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿದರೆ ಏಳುವ ಧೂಳು ಎಲ್ಲರಿಗೂ ಕೆಟ್ಟದ್ದು, ಮಕ್ಕಳಿಗಂತೂ ತೀರಾ ಕೆಟ್ಟದ್ದು. ಒದ್ದೆ ಮಾಡಿ ಉಜ್ಜಬೇಕು, ಮಾಸ್ಕ್ ಕಟ್ಟಬೇಕು, ಧೂಳನ್ನು ಗುಡಿಸದೆ ಒರೆಸಿ ತೆಗೆಯಬೇಕು. ಹಡಗಿನಲ್ಲಿ ಬಂದ ಸರಕಿನ ಅಡಿಹಲಗೆ ಬಳಸುವವರು ಅದರ ಮೇಲಿನ ಮುದ್ರೆ ಓದಬೇಕು: ‘ಎಚ್‌ಟಿ’ ಎಂದಿದ್ದರೆ ಮರದ ಒಳಗಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟು ಹುಳು ಸಾಯಿಸಿದ್ದಾರೆ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಎರಡನೆಯದನ್ನು ಮನೆಯೊಳಗೆ ತರದಿರುವುದೇ ಮೇಲು. ಉಳಿದಂತೆ ಮೊಳೆ ಕೀಳಿ, ಗೆದ್ದಲು ನೋಡಿ, ಎಷ್ಟು ಬೇಕೋ ಅಷ್ಟೇ ಹತ್ತರಿ ಹೊಡೆಯಿರಿ. ಮರದ ಮೇಲಿರುವ ಗುರುತುಗಳನ್ನು ಅಳಿಸುವುದೂ ಬೇಡ, ಇಲ್ಲದ ಗುರುತು ಸೇರಿಸುವುದೂ ಬೇಡ. ಅದರ ಮೇಲೆ ಅಕ್ಷರ ಚೊಕ್ಕವಾಗಿ, ಅಂಚು ಕತ್ತರಿಸಿದಂತೆ, ಇವತ್ತೇ ಬರೆದದ್ದೆಂದು ಗೊತ್ತಾಗುವಂತೆ ಕೂರಲಿ. ನಿಜವಾದ ಹಳತೂ ನಿಜವಾದ ಹೊಸತೂ ಒಟ್ಟಿಗಿದ್ದರೆ ಎರಡಕ್ಕೂ ಕಳೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡಕ್ಕೆ ತೂಕವಿದೆ. ಒಳ್ಳೆಯ ಕನ್ನಡ ಫಾಂಟುಗಳು ಇರುವಾಗ, ಮರ ಕೊರೆಯುವ ಯಂತ್ರ ಊರೂರಲ್ಲಿರುವಾಗ ಕೈಯಿಂದ ಏಕೆ ಬರೆಯಬೇಕು ಎಂಬುದು ಒಂದು. ಆಸ್ಪತ್ರೆಯ ದಾರಿಫಲಕಕ್ಕೆ, ಹೆದ್ದಾರಿಯ ಸೂಚನೆಗೆ ನಾನೂ ಫಾಂಟನ್ನೇ ಕೇಳುತ್ತೇನೆ. ಅಲ್ಲಿ ಎಲ್ಲ ಕಡೆ ಒಂದೇ ಥರ ಇರುವುದೇ ಗುಣ. ಒಂದು ಅಂಗಡಿಯ, ಒಂದು ಮನೆಯ ಹೆಸರಿಗೆ ಆ ಒತ್ತಾಯ ಇಲ್ಲ. ಫಾಂಟು ಯಾವ ಪದ ಬಂದರೂ ತಡೆದುಕೊಳ್ಳುವಂತೆ ಮಾಡಿದ್ದು. ಈ ಹಲಗೆ, ಈ ಪದ, ಇಷ್ಟು ದೂರ ಎಂದು ನೋಡಿ ಒತ್ತು ಸರಿಸುವುದು ಅದರ ಕೆಲಸವಲ್ಲ.

ಎರಡನೆಯದು ಕಟುವಾದದ್ದು. ಪೇಂಟರುಗಳ ಹೊಟ್ಟೆಪಾಡು ಹೋಯಿತು, ಉಳ್ಳವರು ಅದನ್ನೇ ಹವ್ಯಾಸ ಮಾಡಿಕೊಂಡರು. ಇದು ಯಾವ ನ್ಯಾಯ? ಈ ಶತಮಾನದ ಆರಂಭದಲ್ಲಿ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕೈ ಖಾಲಿ ಮಾಡಿದ್ದು ನಿಜ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಫ್ಲೆಕ್ಸುಗಳನ್ನು ಕಿತ್ತರು. ಅಷ್ಟಾದರೂ ಬ್ರಷ್ಷಿಗೆ ಹಳೆಯ ಕಾಲ ಮರಳಲಿಲ್ಲ. 2024ರಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲರ್ಧದಲ್ಲಿರಬೇಕು ಎಂದು ಕಾನೂನು ತಿದ್ದುಪಡಿಯಾಯಿತು. ಆ ಕಾನೂನು ಬೇಕಾದದ್ದೇ. ಆದರೆ ಕಾನೂನು ಅಗಲ-ಎತ್ತರ ಅಳೆಯಬಲ್ಲದು, ಅಂದ-ಚೆಂದ ಅಳೆಯಲಾರದು. ಇಂಗ್ಲಿಷಿಗೆಂದು ಹಾಕಿದ ವಿನ್ಯಾಸದ ನೆತ್ತಿಯ ಮೇಲೆ ಕನ್ನಡವನ್ನು ಅಡ್ಡಡ್ಡ ಹಿಗ್ಗಿಸಿ, ಒತ್ತು ಚೌಕಟ್ಟಿಗೆ ತಾಗುವಂತೆ ಅಂಟಿಸಿದರೂ ಶೇ 60 ಪೂರ್ತಿಯಾಗುತ್ತದೆ.

ಹವ್ಯಾಸಿಗಳಿಂದ ಕಸುಬು ಉಳಿಯುತ್ತದೆ ಎಂದು ನಾನು ಹೇಳಲಾರೆ. ಪೇಂಟರುಗಳಲ್ಲಿ ಎಷ್ಟೋ ಜನ ತಾವೇ ಕಂಪ್ಯೂಟರ್ ಕಲಿತು ಫ್ಲೆಕ್ಸಿನ ಕೆಲಸಕ್ಕೆ ಹೋದರು. ನಮ್ಮ ನೆನಪಿನ ಖುಷಿಗಾಗಿ ಅವರು ಏಣಿಯ ಮೇಲೆಯೇ ಬಿಸಿಲಲ್ಲಿ ನಿಂತಿರಬೇಕಿತ್ತು ಎನ್ನುವ ಹಕ್ಕು ಯಾರಿಗೂ ಇಲ್ಲ. ಹವ್ಯಾಸಿಗಳಿಂದ ಆಗಬಹುದಾದದ್ದು ಬೇರೆ: ಒತ್ತು ಎಲ್ಲಿ ಕೂರಬೇಕು ಎಂದು ಒಮ್ಮೆ ಕೈಯಿಂದ ಕಲಿತವರು ಆಮೇಲೆ ತಮ್ಮ ಅಂಗಡಿಗೆ, ಕಚೇರಿಗೆ ಕೆಟ್ಟ ಕನ್ನಡ ಬೋರ್ಡನ್ನು ಒಪ್ಪಿಕೊಳ್ಳುವುದಿಲ್ಲ. ಅಂಥ ಗಿರಾಕಿಗಳ ಕೊರತೆಯೂ ಈ ವಿದ್ಯೆಯನ್ನು ಸೊರಗಿಸಿದೆ. ಜೊತೆಗೆ ಒಂದು ಸಾಲ ತೀರಿಸುವುದಿದೆ. ಶಿಬಿರದ ಶುಲ್ಕ ಸೇರಬೇಕಾದ್ದು ಊರಿನ ಹಳೆಯ ಪೇಂಟರಿಗೆ. ಪಾಠ ಹೇಳಬೇಕಾದವರು ಅವರು, ಸಂಭಾವನೆ ಪಡೆಯಬೇಕಾದವರೂ ಅವರೇ. 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ ಉತ್ತರ ಭಾರತದ ಬೀದಿ ಪೇಂಟರುಗಳ ಕೈಬರಹವನ್ನು ಡಿಜಿಟಲ್ ಅಕ್ಷರಗಳಾಗಿ ಕಾಪಿಟ್ಟಾಗ, ಬರೆದವರ ಹೆಸರನ್ನೇ ಆ ಫಾಂಟುಗಳಿಗೂ ಇಟ್ಟರು. ನಮ್ಮ ಪೇಂಟರುಗಳ ಕೈಬರಹವನ್ನೂ ಹಾಗೆ ಹೆಸರು ಸಮೇತ ಉಳಿಸಿಕೊಳ್ಳಬೇಕು, ಬರೆದ ಕೈಗಳು ಇನ್ನೂ ಇರುವಾಗಲೇ.

ಹಾಗಾದರೆ ಕಲಿಕೆ ಎಲ್ಲಿಂದ ಶುರುವಾಗಬೇಕು? ಹಲಗೆಯಿಂದಂತೂ ಅಲ್ಲ. ಮೊದಲು ಬೀದಿ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ, ಮೈಸೂರಿನ ಶಿವರಾಂಪೇಟೆಯಂಥ ಹಳೆಯ ಪೇಟೆಗಳಲ್ಲಿ ಉಳಿದ ಕೈಬರಹ ಹುಡುಕಿ, ಫೋಟೋ ತೆಗೆದು ತೃಪ್ತರಾಗದೆ ಪೆನ್ಸಿಲಿನಿಂದ ನಕಲು ಮಾಡಬೇಕು. ನಕಲು ಮಾಡುವಾಗ ಪ್ರತಿ ತಿರುವಿಗೂ ‘ಯಾಕೆ ಹೀಗೆ’ ಎಂದು ಕೇಳಬೇಕು. ಆಮೇಲೆ ಹಳೆ ಪೇಪರಿನ ಮೇಲೆ ಗೆರೆ, ಬಟ್ಟಲು, ತಲೆಕಟ್ಟು ಇಷ್ಟೇ. ಮಕ್ಕಳಿಗೆ ಆಕಾರದ ಹೋಲಿಕೆ ನೋಡಿ ‘ರ ಗ ಸ ದ ಅ’ ಎಂದು ಕಲಿಸುವ ಕ್ರಮ ಬ್ರಷ್ಷಿಗೂ ಒಗ್ಗುತ್ತದೆ, ಒಂದು ತಿರುವು ಬಂದರೆ ಮುಂದಿನ ಅಕ್ಷರದ ಅರ್ಧ ಬಂದ ಹಾಗೆ. ಒತ್ತಕ್ಷರಕ್ಕೆ ಕೈ ಹಾಕುವುದು ಕೊನೆಗೆ. ‘ಕನಸು’, ‘ನಗು’ ಎಂಬ ಅಲಂಕಾರದ ಮಾತುಗಳಿಗಿಂತ ಯಾರಿಗಾದರೂ ನಿಜವಾಗಿ ಬೇಕಾದ ಬೋರ್ಡು ಬರೆದುಕೊಡುವುದು ಮೇಲು: ಬಡಾವಣೆಯ ಗ್ರಂಥಾಲಯಕ್ಕೆ, ಎಳನೀರಿನ ಗಾಡಿಗೆ, ಶಾಲೆಯ ಅಡುಗೆಮನೆಗೆ. ಓದಲೇಬೇಕಾದವರು ಇದ್ದಾಗ ಅಕ್ಷರ ತಾನಾಗಿ ಹದ್ದುಬಸ್ತಿಗೆ ಬರುತ್ತದೆ.

ಕಡೆಗೆ, ಮೂಲೆಯಲ್ಲಿ ಹೆಸರು ಮತ್ತು ಇಸವಿ ಹಾಕಿ. ಬೋರ್ಡಿನ ಬುಡದಲ್ಲಿ ಸಣ್ಣದಾಗಿ ‘ಇಂಥ ಆರ್ಟ್ಸ್’ ಎಂದು ಬರೆಯುವ ರೂಢಿ ನಮ್ಮ ಪೇಂಟರುಗಳಲ್ಲಿ ಇದ್ದದ್ದೇ. ಕೆಲಸದ ಕೆಳಗೆ ಹೆಸರು ಹಾಕುವ ಅಭ್ಯಾಸ ಈ ನಾಡಿಗೆ ಇನ್ನೂ ಹಳೆಯದು. 1258ರಲ್ಲಿ ಪ್ರತಿಷ್ಠಾಪನೆಯಾದ ಸೋಮನಾಥಪುರದ ಕೇಶವ ದೇವಾಲಯದ ಶಿಲ್ಪಗಳಲ್ಲಿ ಮಲ್ಲಿತಮ್ಮನ ಹೆಸರನ್ನು ಇವತ್ತಿಗೂ ಓದಬಹುದು. ಇಸವಿ ಬರೆದ ಫಲಕ ತನ್ನ ವಯಸ್ಸಿನ ಬಗ್ಗೆ ಸುಳ್ಳು ಹೇಳಲಾರದು. ಹೆಸರು ಬರೆದ ಫಲಕ ಹೊಣೆಗಾರಿಕೆ ತಪ್ಪಿಸಿಕೊಳ್ಳಲಾರದು: ಧ-ದ ಹೊಟ್ಟೆ ಸೀಳು ಮುಚ್ಚಿಹೋದರೆ ಯಾರನ್ನು ಕೇಳಬೇಕೆಂಬುದು ಊರಿಗೆ ಗೊತ್ತಿರುತ್ತದೆ.